ಅಜ್ಜಿಯ ಬದುಕನ್ನು ಬರೆದಿಡುವ ಬಗೆ: ಏನು ಕೇಳಬೇಕು, ಇಸವಿ ಹೇಗೆ ಹಿಡಿಯಬೇಕು, ಕಾಗದ ಎಲ್ಲಿ ಹುಡುಕಬೇಕು

ಊರಿನ ಪಹಣಿ ತೆಗೆದು ನೋಡಿ. 9ನೇ ಕಾಲಂನಲ್ಲಿ ಜಮೀನಿನ ಸ್ವಾಧೀನದಾರರ ಹೆಸರು, 12ರಲ್ಲಿ ಸಾಗುವಳಿದಾರರ ಹೆಸರು. ಎರಡೂ ಕಡೆ ತಾತನ ಹೆಸರೋ ಮುತ್ತಾತನ ಹೆಸರೋ ಇರುತ್ತದೆ. ಅದೇ ಹೊಲದಲ್ಲಿ ಅರವತ್ತು ವರ್ಷ ಕಳೆ ಕಿತ್ತ, ತೆನೆ ಕೊಯ್ದ, ಕಣ ಸಾರಿಸಿದ, ಬೀಜ ಎತ್ತಿಟ್ಟ ಅಜ್ಜಿಯ ಹೆಸರು ಬರುವುದು ತಾತ ತೀರಿಕೊಂಡು ಪೌತಿ ಖಾತೆ (ಸತ್ತವರ ಜಮೀನು ವಾರಸುದಾರರ ಹೆಸರಿಗೆ ಬರುವುದು) ಆದಮೇಲೆ, ಅದೂ ಆದರೆ. ಮತದಾರರ ಪಟ್ಟಿಯಲ್ಲಿ ಅವಳು ಇಂಥವರ ಹೆಂಡತಿ, ಮಕ್ಕಳ ಶಾಲೆಯ ಅರ್ಜಿಯಲ್ಲಿ ‘ತಾಯಿಯ ಉದ್ಯೋಗ: ಮನೆಕೆಲಸ’. ಹಾಗಾಗಿ ಅವಳ ಬದುಕನ್ನು ಬರೆಯುವವರು ಕಾಗದದಿಂದ ಶುರುಮಾಡಿದರೆ ಬರಿಗೈ. ಕೆಲಸದಿಂದ ಶುರುಮಾಡಬೇಕು. ಕಾಗದ ಆಮೇಲೆ, ತಾಳೆ ನೋಡುವುದಕ್ಕೆ.

ಇಲ್ಲಿ ಹೇಳುವ ಕ್ರಮ ಹೆಚ್ಚಾಗಿ ರಾಗಿ ಸೀಮೆಯ ಮನೆಗಳನ್ನು ಕಣ್ಣೆದುರಿಗಿಟ್ಟುಕೊಂಡದ್ದು. ಜೋಳದ ಸೀಮೆ, ಮಲೆನಾಡು, ಕರಾವಳಿಯಾದರೆ ಸಲಕರಣೆಯ ಹೆಸರು ಬದಲಾಗುತ್ತದೆ, ಕ್ರಮ ಬದಲಾಗುವುದಿಲ್ಲ.

ಕೂರುವ ಮೊದಲು

ದುಬಾರಿ ಮೈಕ್ ಬೇಡ, ಕೈಯಲ್ಲಿರುವ ಫೋನು ಸಾಕು. ಸಾಮಾನ್ಯ ಗುಣಮಟ್ಟದಲ್ಲಿ (128 ಕೆಬಿಪಿಎಸ್) ಒಂದು ಗಂಟೆಯ ಧ್ವನಿಗೆ ಸುಮಾರು 60 ಎಂಬಿ ಜಾಗ ಬೇಕು. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಇಲ್ಲದಿದ್ದರೆ ಒಳ್ಳೆಯ ಮಾತಿನ ನಡುವೆ ಕರೆ ಬಂದು ರೆಕಾರ್ಡಿಂಗ್ ಅಲ್ಲಿಗೇ ನಿಲ್ಲುತ್ತದೆ. ಅಜ್ಜಿಯ ಬಾಯಿಂದ ಒಂದು, ಒಂದೂವರೆ ಅಡಿ ದೂರದಲ್ಲಿ, ಮಡಿಸಿದ ಟವೆಲಿನ ಮೇಲೆ ಇಡಿ. ಬರೀ ಮಣೆಯ ಮೇಲೋ ಸ್ಟೀಲ್ ತಟ್ಟೆಯ ಮೇಲೋ ಇಟ್ಟರೆ ಅವಳು ಕೈ ಊರಿದಾಗಲೆಲ್ಲ ಧಡ್ ಧಡ್ ಎನ್ನುತ್ತದೆ. ಫ್ಯಾನ್ ಆರಿಸಿ. ಮಳೆಗಾಲದಲ್ಲಿ ಶೀಟಿನ ಮನೆಯೊಳಗೆ ಕೂರಬೇಡಿ, ಮಾತು ಒಂದೂ ಕೇಳುವುದಿಲ್ಲ. ಕಿವಿ ಮಂದವಾಗಿದ್ದರೆ ಚೆನ್ನಾಗಿ ಕೇಳುವ ಕಿವಿಯ ಕಡೆ ನೀವು ಕೂರಿ. ಕಟ್ಟಿಸಿದ ಹಲ್ಲು ಇದ್ದರೆ ಹಾಕಿಕೊಳ್ಳಲು ಹೇಳಿ, ಬರೆದುಕೊಳ್ಳುವಾಗ ಅದರ ಬೆಲೆ ಗೊತ್ತಾಗುತ್ತದೆ.

ಮೊದಲ ಎರಡು ನಿಮಿಷ ಮಾತಾಡಿಸಿ, ನಿಲ್ಲಿಸಿ, ಕೇಳಿ ನೋಡಿ, ಅವಳಿಗೂ ಕೇಳಿಸಿ. ತನ್ನ ದನಿ ತಾನೇ ಕೇಳಿ ನಕ್ಕ ಅಜ್ಜಿ ಆಮೇಲೆ ಫೋನನ್ನು ಮರೆತುಬಿಡುತ್ತಾಳೆ. ಇದು ಯಾತಕ್ಕೆ, ಯಾರು ಕೇಳುತ್ತಾರೆ ಎಂಬುದನ್ನೂ ಆಗಲೇ ಹೇಳಿ, ಅವಳ ಒಪ್ಪಿಗೆಯನ್ನೂ ರೆಕಾರ್ಡಿಂಗಿನಲ್ಲೇ ಸೇರಿಸಿಕೊಳ್ಳಿ.

ಒಂದು ಸಲಕ್ಕೆ ಮುಕ್ಕಾಲು ಗಂಟೆ ಮೀರಬೇಡಿ. ಬೆಳಿಗ್ಗೆ ತಿಂಡಿಯಾಗಿ ಹತ್ತರಿಂದ ಹನ್ನೊಂದು ಒಳ್ಳೆಯ ಹೊತ್ತು, ಮುದ್ದೆ ಉಂಡ ಮೇಲೆ ಕೂತರೆ ತೂಕಡಿಕೆ. ಅವಳ ಕೈಗೆ ಏನಾದರೂ ಕೆಲಸ ಕೊಡಿ: ಅವರೆಕಾಯಿ ಸುಲಿಯುವುದು, ಹೂ ಕಟ್ಟುವುದು, ಬತ್ತಿ ಹೊಸೆಯುವುದು. ಕೈ ಓಡಿದರೆ ಮಾತೂ ಓಡುತ್ತದೆ. ಮೊರದಲ್ಲಿ ಕೇರುವ ಕೆಲಸ ಮಾತ್ರ ಬೇಡ, ಸದ್ದು ಜಾಸ್ತಿ.

ಮನೆಯವರ ಕಾಟ ಇನ್ನೊಂದು. ತಾತ ಇದ್ದರೆ ಪ್ರಶ್ನೆ ಅವಳಿಗೆ, ಉತ್ತರ ಅವರದು. ಮಗ ಇದ್ದರೆ ‘ಅದೆಲ್ಲ ಈಗ್ಯಾಕಮ್ಮ’. ಸೊಸೆ ಎದುರಿಗಿದ್ದರೆ ಅತ್ತೆಯ ಮಾತು ಬರುವುದೇ ಇಲ್ಲ. ಅವರನ್ನು ಎಬ್ಬಿಸಿ ಕಳಿಸುವುದಕ್ಕಿಂತ ನೀವೇ ಅಜ್ಜಿಯನ್ನು ಹೊಲದ ಕಡೆಗೋ ಅರಳಿಕಟ್ಟೆಗೋ ಕರೆದುಕೊಂಡು ಹೋಗಿ.

ಪ್ರಶ್ನೆ ಕೇಳುವ ರೀತಿ

‘ನಿನ್ನ ಬಾಲ್ಯ ಹೇಗಿತ್ತು ಅಜ್ಜಿ?’ ಎಂದು ಕೇಳಿದರೆ ‘ಏನಿತ್ತು ಮಗಾ, ಬರೀ ಕಷ್ಟ’ ಎಂಬ ಒಂದು ಸಾಲು ಬಂದು ಬಾಗಿಲು ಮುಚ್ಚುತ್ತದೆ. ತಪ್ಪು ಅವಳದಲ್ಲ. ಬಾಲ್ಯ ಎಂಬ ಮಾತನ್ನು ಅವಳು ಬಳಸಿದವಳೇ ಅಲ್ಲ. ಬದಲಿಗೆ ‘ನಿಮ್ಮ ತವರಲ್ಲಿ ರಾಗಿಕಲ್ಲು ಎಲ್ಲಿತ್ತು?’ ಎಂದು ಕೇಳಿ. ನಡುಮನೆಯಲ್ಲೋ, ಹಜಾರದ ಮೂಲೆಯಲ್ಲೋ. ಯಾರ ಜೊತೆ ಎದುರುಬದುರು ಕೂತು ಬೀಸುತ್ತಿದ್ದೆ? ಎಷ್ಟು ಹೊತ್ತಿಗೆ ಏಳುತ್ತಿದ್ದೆ, ಮೊದಲ ಕೋಳಿಗೋ ಎರಡನೆಯದಕ್ಕೋ? ಒಂದು ಸಲಕ್ಕೆ ಎಷ್ಟು ಸೇರು? ಅದು ಮನೆಮಂದಿಗೆ ಎಷ್ಟು ದಿನಕ್ಕೆ ಬರುತ್ತಿತ್ತು? ಐದನೇ ಪ್ರಶ್ನೆಯ ಹೊತ್ತಿಗೆ ಮನೆಯಲ್ಲಿ ಎಷ್ಟು ಜನ ಉಣ್ಣುತ್ತಿದ್ದರು, ಯಾರು ಮೊದಲು, ಯಾರು ಕೊನೆಗೆ, ಕೊನೆಯವರಿಗೆ ಏನು ಉಳಿಯುತ್ತಿತ್ತು ಎಂಬುದೆಲ್ಲ ತಾನಾಗಿ ಬಂದಿರುತ್ತದೆ.

ಕೆಲಸವನ್ನು ವಯಸ್ಸಿನ ಮೇಲೆ ಹಿಡಿದುಕೊಂಡು ಹೋಗುವುದು ಸುಲಭ. ಹುಡುಗಿಗೆ ಮೊದಲು ಬರುತ್ತಿದ್ದ ಕೆಲಸ ತಮ್ಮನನ್ನೋ ತಂಗಿಯನ್ನೋ ಸೊಂಟದ ಮೇಲೆ ಹೊರುವುದು, ಸಗಣಿ ಆಯುವುದು, ಕರು ಮೇಯಿಸುವುದು. ಆಮೇಲೆ ಹೊಲಕ್ಕೆ ಬುತ್ತಿ ಒಯ್ಯುವುದು, ಅಟ್ಟಣೆಯ ಮೇಲೆ ಕೂತು ಕವಣೆ ಬೀಸಿ ಹಕ್ಕಿ ಕಾಯುವುದು, ನೀರು ಹೊರುವುದು. ಕಳೆ ಕೀಳಲು ದೊಡ್ಡವರ ಸಾಲಿನಲ್ಲಿ ನಿಲ್ಲಿಸಿದ್ದು ಯಾವಾಗ, ಪೂರಾ ಕೂಲಿ ಕೊಡಲು ಶುರುಮಾಡಿದ್ದು ಯಾವಾಗ ಎಂದು ಕೇಳಿ. ಅವಳ ಲೆಕ್ಕದಲ್ಲಿ ತಾನು ದೊಡ್ಡವಳಾದ ದಿನ ಅದೇ ಇರಬಹುದು. ಶಾಲೆಗೆ ಹೋಗಿದ್ದರೆ ಬಿಟ್ಟದ್ದು ಯಾವ ತರಗತಿಗೆ ಎಂಬುದಷ್ಟೇ ಅಲ್ಲ, ಬಿಟ್ಟ ಮಾರನೆಯ ದಿನ ಯಾವ ಕೆಲಸಕ್ಕೆ ಹಚ್ಚಿದರು ಎಂಬುದನ್ನೂ ಕೇಳಿ. ಬಿಡಿಸಿದ ಕಾರಣ ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಹೊಲದ ವಿಷಯಕ್ಕೆ ಬಂದಾಗ ಅವಸರ ಮಾಡಬೇಡಿ, ಅಜ್ಜಿ ಪಂಡಿತಳಾಗುವ ಜಾಗ ಇದು. ಕೂರಿಗೆ ಹಿಡಿಯುವುದು ಗಂಡಸರ ಕೆಲಸವಾದರೂ ಅಕ್ಕಡಿ ಸಾಲಿಗೆ (ರಾಗಿಯ ನಡುವೆ ಬಿತ್ತುವ ಬೇರೆ ಬೆಳೆಯ ಸಾಲು) ಏನು ಬೀಳಬೇಕು ಎಂಬುದು ಎಷ್ಟೋ ಮನೆಗಳಲ್ಲಿ ಹೆಂಗಸರ ತೀರ್ಮಾನ: ಅವರೆ, ತೊಗರಿ, ಹುಚ್ಚೆಳ್ಳು, ಅಲಸಂದೆ, ಜೋಳ. ಸಾರಿಗೆ ಬೇಕಾದದ್ದೆಲ್ಲ ಆ ಸಾಲಿನಿಂದಲೇ ಬರಬೇಕಿತ್ತಲ್ಲ. ಬೀಜದ ತೆನೆಯನ್ನು ಹೊಲದಲ್ಲೇ ಆರಿಸುತ್ತಿದ್ದಳೋ ಕಣದಲ್ಲೋ? ಬೂದಿ ಬೆರೆಸಿಡುತ್ತಿದ್ದಳೋ, ಬೇವಿನ ಸೊಪ್ಪು ಹಾಕುತ್ತಿದ್ದಳೋ, ಗುಡಾಣದ ಬಾಯಿ ಯಾವುದರಿಂದ ಮೆತ್ತುತ್ತಿದ್ದಳು? ಇಂಡಾಫ್ ಎಂಬ ಸುಧಾರಿತ ತಳಿಯ ರಾಗಿ ಬಂದಮೇಲೆ ಯಾವ ಹಳೆಯ ರಾಗಿ ಬಿಟ್ಟುಹೋಯಿತು, ಅದರ ಮುದ್ದೆ ಹೇಗಿರುತ್ತಿತ್ತು? ನೆಲದೊಳಗೆ ಕಾಳು ತುಂಬಿಡುವ ಹಗೇವು ತೆಗೆಯುವಾಗ ಮುಚ್ಚಳ ಸರಿಸಿ ಎಷ್ಟು ಹೊತ್ತು ಬಿಡುತ್ತಿದ್ದರು, ದೀಪ ಇಳಿಸಿ ನೋಡುತ್ತಿದ್ದರೋ? ಒಳಗಿನ ಕೆಟ್ಟ ಗಾಳಿಗೆ ಇಳಿದವರು ಸತ್ತದ್ದುಂಟು. ಆದ್ದರಿಂದ ಪ್ರತಿ ಊರಿಗೂ ಅದರದೊಂದು ನಿಯಮ ಇರುತ್ತಿತ್ತು.

ಕೂಲಿಯನ್ನು ರೂಪಾಯಿಯಲ್ಲಿ ಮಾತ್ರ ಕೇಳಿದರೆ ಅರ್ಧ ಲೆಕ್ಕ ತಪ್ಪಿಹೋಗುತ್ತದೆ. ಕಾಳಿನಲ್ಲಿ ಎಷ್ಟು, ಮಧ್ಯಾಹ್ನದ ಊಟ ಅವರದೋ ಇವಳದೋ, ಗಂಡಾಳಿಗೆ ಎಷ್ಟು ಹೆಣ್ಣಾಳಿಗೆ ಎಷ್ಟು, ಮುಯ್ಯಾಳಾಗಿ (ಕೂಲಿಯಿಲ್ಲದೆ, ಕೆಲಸಕ್ಕೆ ಕೆಲಸ) ಯಾರ ಹೊಲಕ್ಕೆ ಹೋಗುತ್ತಿದ್ದಳು, ಅವರು ತಿರುಗಿ ಬಂದರೋ ಇಲ್ಲವೋ. ಕೂಲಿ ಬೇರೆ ಬಗೆಯದಾಗಿದ್ದರೆ ಪ್ರಶ್ನೆಯೂ ಬೇರೆ. ಹಾವೇರಿ, ರಾಣೆಬೆನ್ನೂರು ಕಡೆಯವಳಾದರೆ ಹತ್ತಿ ಬೀಜದ ಹೊಲದಲ್ಲಿ ‘ಕ್ರಾಸಿಂಗ್’ ಮಾಡಿರಬಹುದು: ಮಧ್ಯಾಹ್ನದ ಮೇಲೆ ಹೆಣ್ಣು ಸಾಲಿನ ಮೊಗ್ಗು ಬಿಡಿಸಿ ಕೇಸರ ತೆಗೆಯುವುದು, ಮಾರನೆ ಬೆಳಿಗ್ಗೆ ಗಂಡು ಹೂವಿನ ಪರಾಗ ಮುಟ್ಟಿಸುವುದು. ರಾಮನಗರ, ಕೋಲಾರದ ಕಡೆಯಾದರೆ ರೇಷ್ಮೆ: ಚಾಕಿ (ಮರಿಹುಳು ಸಾಕುವುದು), ಸೊಪ್ಪು, ಹುಳ ಹಣ್ಣಾದಾಗ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ರಾತ್ರಿ. ಕರಾವಳಿಯಾದರೆ ಬೀಡಿ. ಕಾಫಿ ತೋಟದ ಸೀಮೆಯಾದರೆ ಹಣ್ಣು ಕುಯ್ಲು ಮತ್ತು ಚೆಕ್‌ರೋಲ್ (ಕೂಲಿಯವರ ಹಾಜರಿ ಪುಸ್ತಕ). ಬೀಡಿ ಪುಸ್ತಕ, ಪಿಎಫ್ ಚೀಟಿ, ಚೆಕ್‌ರೋಲ್ ಇವುಗಳಲ್ಲಿ ಹೆಣ್ಣಿನ ದುಡಿಮೆ ಅವಳದೇ ಹೆಸರಿನಲ್ಲಿ ಸಿಗುತ್ತದೆ. ಪೆಟ್ಟಿಗೆಯ ತಳದಲ್ಲಿದ್ದರೂ ತೆಗೆಸಿ ಫೋಟೊ ಹೊಡೆದಿಟ್ಟುಕೊಳ್ಳಿ.

ಅಳತೆಯ ಬಗ್ಗೆ ಒಂದು ಎಚ್ಚರ. ನಾಲ್ಕು ಪಾವಿಗೆ ಒಂದು ಸೇರು, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಎಂಬ ಬಾಯಿಲೆಕ್ಕ ಸರಿಯೇ. ಆದರೆ ಸೇರಿನ ಗಾತ್ರ ಸೀಮೆಯಿಂದ ಸೀಮೆಗೆ ಬೇರೆ. ಅಟ್ಟದ ಮೇಲೆ ಅವಳ ಮನೆಯ ಸೇರು ಇನ್ನೂ ಇದ್ದರೆ ಇಳಿಸಿ, ರಾಗಿ ತುಂಬಿ, ಅಂಗಡಿಯ ತಕ್ಕಡಿಯಲ್ಲಿ ತೂಗಿ ಗ್ರಾಮ್ ಬರೆದಿಟ್ಟುಕೊಳ್ಳಿ. ತಲೆಸೇರೋ (ಅಂಚಿನ ಮೇಲೆ ಗುಡ್ಡೆಯಾಗಿ ತುಂಬಿದ್ದು) ಒರೆಸಿದ ಸೇರೋ ಎಂಬುದನ್ನೂ ಬರೆಯಿರಿ. ಹೊಲದ ಅಳತೆಗೂ ಇದೇ ಮಾತು. ಎಕರೆಗೆ 40 ಗುಂಟೆ ಎಲ್ಲೆಲ್ಲೂ ಒಂದೇ, ಆದರೆ ಅಜ್ಜಿ ‘ಹತ್ತು ಸೇರು ಬಿತ್ತೋ ಹೊಲ’ ಎಂದರೆ ಅದು ಬೀಜದ ಲೆಕ್ಕ. ಹಾಗೇ ಬರೆದು ಪಕ್ಕದಲ್ಲಿ ಸರ್ವೆ ನಂಬರು ಹಾಕಿ.

ಮನೆಯ ನಕ್ಷೆಯನ್ನು ನೀವು ಬಿಡಿಸಬೇಡಿ. ಒಂದು ಹಿಡಿ ರಂಗೋಲಿ ಪುಡಿ ಕೊಟ್ಟು ತವರುಮನೆಯನ್ನು ಅಂಗಳದಲ್ಲಿ ಬಿಡಿಸಲು ಹೇಳಿ. ಕೊಟ್ಟಿಗೆ, ಒಲೆ, ಬಚ್ಚಲು, ಹೊರಗೆ ಕೂರುವ ದಿನಗಳಲ್ಲಿ ಕೂತ ಜಾಗ, ಹೆರಿಗೆಯ ಮೂಲೆ ಎಲ್ಲವನ್ನೂ ಅವಳೇ ತೋರಿಸುತ್ತಾಳೆ. ಮೇಲಿನಿಂದ ಒಂದು ಫೋಟೊ ತೆಗೆದುಕೊಳ್ಳಿ. ಆಗುವುದಾದರೆ ಒಂದು ದಿನ ತವರೂರಿಗೇ ಕರೆದುಕೊಂಡು ಹೋಗಿ. ಮನೆಯಲ್ಲಿ ನಾಲ್ಕು ದಿನ ಕೇಳಿದರೂ ಬಾರದ್ದು ಅಲ್ಲಿ ಬಾವಿಕಟ್ಟೆಯ ಹತ್ತಿರ ಹತ್ತು ನಿಮಿಷದಲ್ಲಿ ಬರುತ್ತದೆ. ಯಾವ ಬಾವಿಯಿಂದ ಯಾವ ಕೇರಿಯವರು ನೀರು ಸೇದಬಹುದಿತ್ತು, ಯಾರು ಸೇದುವಂತಿರಲಿಲ್ಲ ಎಂಬುದನ್ನೂ ಅಲ್ಲೇ ನಿಂತು ಕೇಳಿ.

ಬೀಸುವ ಪದ, ಕುಟ್ಟುವ ಪದ ಬೇಕೆಂದರೆ ಕಲ್ಲಿನ ಮುಂದೆ ಕೂರಿಸಿ ಗೂಟ ಕೈಗೆ ಕೊಡಿ. ಸುಮ್ಮನೆ ‘ಹಾಡು’ ಎಂದರೆ ಎರಡು ಸಾಲಿಗೆ ನಿಲ್ಲುತ್ತದೆ. ಕಲ್ಲು ತಿರುಗಿದರೆ ಮೂರನೆಯ ಸಾಲು ತೋಳಿನಿಂದಲೇ ಬರುತ್ತದೆ.

ಇಸವಿ ಹಿಡಿಯುವ ಲೆಕ್ಕ

ಎಲ್ಲರೂ ಎಡವುವುದು ಇಲ್ಲಿ. ಆಧಾರ್‌ನಲ್ಲಿ ಜನ್ಮದಿನಾಂಕ ಜನವರಿ 1 ಎಂದಿದ್ದರೆ ಅಂದಾಜು ವಯಸ್ಸು ಹೇಳಿದ್ದಕ್ಕೆ ಹಾಕಿದ ತಾರೀಖು ಎಂದು ತಿಳಿಯಿರಿ. ಶಾಲೆಯ ದಾಖಲೆಯಲ್ಲಿ ಜೂನ್ 1 ಎಂದಿದ್ದರೆ ಮೇಷ್ಟ್ರು ಬರೆದುಕೊಂಡದ್ದು. ಎರಡನ್ನೂ ಪಕ್ಕಕ್ಕಿಟ್ಟು, ಅವಳು ಮರೆಯಲಾಗದ ಸಂಗತಿಗಳಿಂದ ಲೆಕ್ಕ ಹಾಕಿ.

ಇಸವಿಯನ್ನು ಕಟ್ಟಿಹಾಕಲು ನಾಡಿಗೆಲ್ಲ ಗೊತ್ತಾದ ಗೂಟಗಳು ಕೆಲವು. ಗಾಂಧೀಜಿ ಹತ್ಯೆ 1948ರ ಜನವರಿ 30. ಬೀದರ್, ಕಲಬುರಗಿ, ರಾಯಚೂರು ಕಡೆಯವರಿಗೆ ನಿಜಾಮನ ಪರವಾಗಿದ್ದ ರಜಾಕಾರರ ಹಾವಳಿ, 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ. ನಯಾಪೈಸೆ ಬಂದದ್ದು 1957ರ ಏಪ್ರಿಲ್. ಚೀನಾ ಯುದ್ಧ 1962ರ ಅಕ್ಟೋಬರ್–ನವೆಂಬರ್, ನೆಹರು ನಿಧನ 1964ರ ಮೇ. ಬೆಳಗಾವಿ ಕಡೆ ನೆಲ ನಡುಗಿದ ಕೊಯ್ನಾ ಭೂಕಂಪ 1967ರ ಡಿಸೆಂಬರ್. ಬಿಜಾಪುರದ ಕಡೆ ‘ಎಪ್ಪತ್ತೆರಡರ ಬರ’. ಗೇಣಿ ಜಮೀನು ತಮ್ಮ ಹೆಸರಿಗೆ ಬೇಕೆಂದು ಗೇಣಿದಾರರು ನಮೂನೆ 7 ತುಂಬಿದ್ದು 1974ರ ಭೂಸುಧಾರಣೆಯ ನಂತರ. ಉತ್ತರ ಕರ್ನಾಟಕದ ಕೆಲವು ಜಿಲ್ಲೆಗಳಲ್ಲಿ ಮಧ್ಯಾಹ್ನದ ಮೇಲೆ ಕತ್ತಲಾಗಿ ಕೋಳಿಗಳು ಗೂಡು ಸೇರಿದ ಸೂರ್ಯಗ್ರಹಣ 1980ರ ಫೆಬ್ರವರಿ 16. ಇಂದಿರಾ ಗಾಂಧಿ ಹತ್ಯೆ 1984ರ ಅಕ್ಟೋಬರ್ 31. ರಾಜ್‌ಕುಮಾರ್ ಅಪಹರಣ 2000ದ ಜುಲೈ. ಸಾರಾಯಿ ನಿಂತದ್ದು 2007ರ ಜುಲೈ, ಇದನ್ನು ಹೆಂಗಸರು ಮರೆತ ಊರು ಕಡಿಮೆ.

ಇವುಗಳಿಗಿಂತ ಗಟ್ಟಿ ಗೂಟಗಳು ಅವಳ ಕೈಕಾಲಿಗೆ ನೇರ ತಾಕಿದವು: ಊರಿಗೆ ಹಿಟ್ಟಿನ ಗಿರಣಿ ಬಂದದ್ದು, ಕೈಪಂಪಿನ ಬೋರು, ಕರೆಂಟು, ನಲ್ಲಿ, ಗ್ಯಾಸ್ ಒಲೆ. ಗಿರಣಿ ಬಂದ ವರ್ಷ ಗೊತ್ತಾದರೆ ಬೆಳಗಿನ ಜಾವದ ಎರಡು ಗಂಟೆ ಅವಳಿಗೆ ತಿರುಗಿ ಸಿಕ್ಕ ವರ್ಷ ಗೊತ್ತಾದ ಹಾಗೆ. ಆ ಎರಡು ಗಂಟೆ ನಿದ್ದೆಗೆ ಹೋಯಿತೋ ಕೂಲಿಗೆ ಹೋಯಿತೋ ಎಂದೂ ಕೇಳಿ.

ಲೆಕ್ಕ ಹೀಗೆ. ಗಾಂಧೀಜಿ ಸತ್ತಾಗ ನನ್ನ ಮುಂದಿನ ಹಲ್ಲು ಬಿದ್ದಿತ್ತು ಎನ್ನುತ್ತಾಳೆ ಎಂದುಕೊಳ್ಳಿ. ಹಲ್ಲು ಬೀಳುವುದು ಆರು–ಏಳಕ್ಕೆ, ಅಂದರೆ ಹುಟ್ಟಿದ್ದು 1941ರ ಸುಮಾರು. ಚೀನಾ ಯುದ್ಧದಲ್ಲಿ ದೊಡ್ಡ ಮಗ ಅಂಬೆಗಾಲಿಕ್ಕುತ್ತಿದ್ದ, ಅಂದರೆ ಅವನು ಹುಟ್ಟಿದ್ದು 1962ರ ಮೊದಲ ತಿಂಗಳುಗಳಲ್ಲಿ. ಮದುವೆಯಾಗಿ ಮೂರು ಸುಗ್ಗಿ ಕಳೆದ ಮೇಲೆ ಅವನು ಹುಟ್ಟಿದ. 1960, 61, 62ರ ಸುಗ್ಗಿ ಬಿಟ್ಟು ಹಿಂದಕ್ಕೆ ಹೋದರೆ ಮದುವೆ 1959ರ ಬೇಸಿಗೆ. ಆಗ ಅವಳಿಗೆ ಹದಿನೆಂಟರ ಆಸುಪಾಸು. ಆಧಾರ್ 1946 ಎನ್ನುತ್ತಿದ್ದರೆ ಮದುವೆಗೆ 13 ಆಗುತ್ತದೆ. ಯಾವುದು ನಿಜ? ಮೈನೆರೆದು ಮದುವೆಯವರೆಗೆ ಎಷ್ಟು ವರ್ಷ ತವರಲ್ಲಿದ್ದೆ ಎಂದು ಕೇಳಿ. ‘ನಾಕು ವರ್ಷ’ ಎಂದರೆ ಹಲ್ಲಿನ ಲೆಕ್ಕ ಗೆದ್ದಿತು. ಮಗನ ಟಿಸಿಯಲ್ಲಿ 1960 ಎಂದಿದ್ದರೆ ಗಾಬರಿ ಬೇಡ, ಬೇಗ ಶಾಲೆಗೆ ಸೇರಿಸಲು ವಯಸ್ಸು ಏರಿಸುವುದು ಮಾಮೂಲಾಗಿತ್ತು. ಮೂರು ಗೂಟ ತಾಳೆಯಾದರೆ ಇಸವಿ ಬರೆಯಿರಿ, ಎರಡೇ ಆದರೆ ‘ಸುಮಾರು’ ಸೇರಿಸಿ, ಒಂದೇ ಆದರೆ ಅವಳ ಮಾತನ್ನಷ್ಟೇ ಬರೆಯಿರಿ.

ಹೆಣ್ಣಿನ ಮದುವೆಗೆ ಕಾನೂನಿನ ವಯಸ್ಸು 1929ರ ಕಾಯ್ದೆಯಲ್ಲಿ 14, 1949ರಲ್ಲಿ 15, 1978ರಲ್ಲಿ 18 ಆಯಿತು. ಇಂದಿನ ಲೆಕ್ಕ ಹಿಡಿದು ಅಂದಿನ ಮದುವೆಗೆ ‘ಕಾನೂನುಬಾಹಿರ’ ಎಂದು ಬರೆಯುವ ಮೊದಲು ಇದು ನೆನಪಿರಲಿ.

ಸಂವತ್ಸರ ಹೇಳುವ ಅಜ್ಜಿ ಸಿಕ್ಕರೆ ನಿಮ್ಮ ಪುಣ್ಯ. ಯುಗಾದಿಯಿಂದ ಯುಗಾದಿಗೆ ಒಂದು ಹೆಸರು, ಅರವತ್ತು ವರ್ಷಕ್ಕೆ ಮತ್ತೆ ಅದೇ. ವಿಕಾರಿ 1959–60, ಮತ್ತೆ 2019–20. ಸ್ವಾತಂತ್ರ್ಯ ಬಂದದ್ದು ಸರ್ವಜಿತುವಿನಲ್ಲಿ. ಪಂಚಾಂಗದ ಪಟ್ಟಿ ಇಟ್ಟುಕೊಂಡು ಎಣಿಸಿ. ಅವಳ ಬಾಯಲ್ಲಿ ‘ಧಾತು ಈಶ್ವರದ ಬರ’ ಬಂದರೆ ಅದು 1876–78ರದ್ದು, ಅವಳ ಅಜ್ಜಿಯಿಂದ ಕೇಳಿದ್ದು. ಕಂಡದ್ದನ್ನೂ ಕೇಳಿದ್ದನ್ನೂ ಬೆರೆಸಬೇಡಿ.

ದುಡ್ಡಿನ ಮಾತಿನಿಂದ ಇಸವಿ ಹಿಡಿಯಲು ಹೋದರೆ ಮೋಸ ಹೋಗುತ್ತೀರಿ. ‘ಎಂಟಾಣೆ ಕೂಲಿ’ ಎಂದಳೆಂದು 1957ಕ್ಕೂ ಮೊದಲು ಎಂದುಕೊಳ್ಳಬೇಡಿ. ಐವತ್ತು ಪೈಸೆಯನ್ನು ಎಂಟಾಣೆ ಎನ್ನುವುದು ಪೈಸೆ ಬಂದು ದಶಕಗಳಾದರೂ ನಿಲ್ಲಲಿಲ್ಲ, ನಾಲ್ಕಾಣೆ ಎಂಬ ಮಾತು 2011ರಲ್ಲಿ 25 ಪೈಸೆಯ ನಾಣ್ಯವೇ ರದ್ದಾಗುವವರೆಗೂ ಇತ್ತು.

ಮೆಲ್ಲಗೆ ಕೇಳಬೇಕಾದವು

‘ನಿನಗೆ ಎಷ್ಟು ಮಕ್ಕಳು’ ಎಂದರೆ ಬದುಕಿರುವವರ ಲೆಕ್ಕ ಸಿಗುತ್ತದೆ. ‘ಎಷ್ಟು ಹೆರಿಗೆ ಆಯ್ತಜ್ಜಿ’ ಎಂದರೆ ಬೇರೆ ಲೆಕ್ಕ. ಇದನ್ನು ಹೆಣ್ಣುಮಕ್ಕಳೇ ಕೇಳುವುದು ಒಳ್ಳೆಯದು, ಗಂಡಸರು ಇಲ್ಲದಾಗ. ಸೂಲಗಿತ್ತಿ ಯಾರು, ಬಾಣಂತನ ಎಷ್ಟು ದಿನ, ಎಷ್ಟನೇ ದಿನಕ್ಕೆ ಹೊಲಕ್ಕೆ ಹೋದಳು, ತೊಟ್ಟಿಲು ಯಾವ ಮರಕ್ಕೆ ಕಟ್ಟುತ್ತಿದ್ದಳು, ಆಪರೇಷನ್ ಆದಮೇಲೆ ಎಷ್ಟು ದಿನ ಮಲಗಲು ಬಿಟ್ಟರು. ಕಣ್ಣೀರು ಬಂದರೆ ರೆಕಾರ್ಡಿಂಗ್ ನಿಲ್ಲಿಸಿ ನೀರು ಕೊಡಿ. ಮತ್ತೆ ಅದೇ ಪ್ರಶ್ನೆಗೆ ಹೋಗಬೇಡಿ, ಅವಳಾಗಿ ಬಂದರೆ ಬರಲಿ.

ತವರಿನ ಆಸ್ತಿ ಇನ್ನೊಂದು ಮುಳ್ಳು. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಕೊಟ್ಟ ತಿದ್ದುಪಡಿ 1994ರದ್ದು, ದೇಶಕ್ಕೆಲ್ಲ 2005ರದ್ದು. ಎಷ್ಟೋ ಅಜ್ಜಿಯರು ಅರಿಶಿನ ಕುಂಕುಮದ ಸೀರೆ ತಪ್ಪಬಾರದು ಎಂದು ಅಣ್ಣತಮ್ಮಂದಿರಿಗೆ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ್ದಾರೆ. ಯಾರು ಕರೆದುಕೊಂಡು ಹೋದರು, ಓದಿ ಹೇಳಿದರೋ ಇಲ್ಲವೋ ಕೇಳಬಹುದು. ಆದರೆ ಆ ತುಣುಕನ್ನು ಮನೆಯ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ ಅಜ್ಜಿ ತವರಿಗೆ ಹೋಗುವ ದಾರಿ ಮುಚ್ಚಿದಿರಿ. ‘ಇದು ಯಾರಿಗೂ ಬೇಡ’ ಎಂದು ಅವಳು ಹೇಳಿದ್ದೆಲ್ಲ ಬೇರೆ ಫೈಲಿಗೆ ಹೋಗಬೇಕು. ಕೊನೆಯಲ್ಲಿ ಆ ಫೈಲಿನ ಪಟ್ಟಿಯನ್ನು ಓದಿ ಹೇಳಿ, ಏನನ್ನು ತೆರೆಯಬಹುದು, ಏನು ಬೇಡ ಎಂದು ಅವಳೇ ಹೇಳಲಿ.

ಕಾಗದಕ್ಕೆ ಇಳಿಸುವುದು

ಒಂದು ಗಂಟೆಯ ಮಾತನ್ನು ಬರೆದುಕೊಳ್ಳಲು ಐದಾರು ಗಂಟೆ ಹಿಡಿಯುತ್ತದೆ. ಧ್ವನಿಯಿಂದ ಬರೆಯುವ ಆ್ಯಪ್‌ಗಳು ಪುಸ್ತಕದ ಕನ್ನಡಕ್ಕೆ ಪರವಾಗಿಲ್ಲ, ‘ವೋಗ್ತಿದ್ದೊ’ ಎಂದರೆ ಬೇರೇನೋ ಬರೆಯುತ್ತವೆ. ನೀವು ಅದನ್ನು ‘ಹೋಗುತ್ತಿದ್ದೆವು’ ಎಂದು ತಿದ್ದಲೂ ಬೇಡಿ. ಅವಳ ಮಾತು ಅವಳ ಬಾಯಲ್ಲಿ ಇದ್ದಂತೆ, ನಿಮ್ಮ ವಿವರಣೆ ನಿಮ್ಮ ಕನ್ನಡದಲ್ಲಿ ಇರಲಿ. ‘ಕಷ್ಟ’ ಎಂಬ ಪದ ಬಂದ ಕಡೆಯೆಲ್ಲ ಅಡಿಗೆರೆ ಎಳೆದು, ಮುಂದಿನ ಸಲ ಕೂತಾಗ ‘ಯಾವ ಕಷ್ಟ’ ಎಂದು ಒಂದೊಂದನ್ನೇ ಬಿಡಿಸಿ ಕೇಳಿ. ನೀರೋ, ಸೌದೆಯೋ, ಸಾಲವೋ, ಅತ್ತೆಯೋ ಎಂಬುದು ಗೊತ್ತಾಗಬೇಕು.

ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಗೆರೆ ಹಾಕಿ: ಅವಳು ಹೇಳಿದ ಗುರುತು, ಇಸವಿ, ಆಗ ಎಲ್ಲಿದ್ದಳು, ಯಾರಿಂದ ತಾಳೆಯಾಯಿತು. ತಾಲ್ಲೂಕು ಕಚೇರಿಯಿಂದ ಹಳೆಯ ಪಹಣಿ, ಮ್ಯುಟೇಷನ್ ನಕಲು, ಮಕ್ಕಳ ಶಾಲೆಯ ದಾಖಲಾತಿ, ಸಂಘದ ಉಳಿತಾಯದ ಪುಸ್ತಕ ಎಲ್ಲವನ್ನೂ ಈ ಹಂತದಲ್ಲಿ ತಂದು ನಾಲ್ಕನೆಯ ಕಾಲಂ ತುಂಬಿಸಿ. ಪಹಣಿಯಲ್ಲಿ 11ನೇ ಕಾಲಂ ನೋಡಲು ಮರೆಯಬೇಡಿ, ಅಡಮಾನ, ಸಾಲ ಅಲ್ಲಿರುತ್ತವೆ. ‘ಆ ವರ್ಷ ನನ್ನ ಕೊಳ್ಳಾಗಿನ ಚಿನ್ನದ ಗುಂಡು ಹೋಯ್ತು’ ಎಂದು ಅವಳು ಹೇಳಿದ ವರ್ಷಕ್ಕೂ ಅಲ್ಲಿ ಬರೆದ ಸಾಲಕ್ಕೂ ಎಷ್ಟೋ ಸಲ ಹೊಂದಿಕೆಯಾಗುತ್ತದೆ.

ಫೈಲಿನ ಹೆಸರು ವರ್ಷ-ತಿಂಗಳು-ದಿನದಿಂದ ಶುರುವಾಗಲಿ, ಸಾಲಾಗಿ ನಿಲ್ಲುತ್ತವೆ. ಬರೆದದ್ದು ಯೂನಿಕೋಡಿನಲ್ಲಿ ಇರಲಿ. ಒಂದು ಪ್ರತಿ ಫೋನಿನಲ್ಲಿ, ಒಂದು ಪೆನ್‌ಡ್ರೈವಿನಲ್ಲಿ, ಒಂದು ಬೇರೆ ಊರಿನ ನೆಂಟರ ಹತ್ತಿರ. ಪೆನ್‌ಡ್ರೈವ್ ಒಂದನ್ನೇ ನಂಬಿ ಕೂರಬೇಡಿ, ಬರಹವನ್ನು ಮುದ್ರಿಸಿ ದಾರ ಹಾಕಿಸಿ ಇಡಿ.

ಕಟ್ಟುವ ಮೊದಲು ಅವಳಿಗೇ ಓದಿ ಹೇಳಬೇಕು, ಎರಡು ದಿನ ಹಿಡಿದರೂ ಸರಿ. ಹೆಸರು, ನೆಂಟಸ್ತನ, ಎತ್ತಿನ ಬಣ್ಣ ತಪ್ಪಿದ್ದರೆ ಅಲ್ಲೇ ತಿದ್ದುತ್ತಾಳೆ. ಜೊತೆಗೆ, ಇಷ್ಟು ದಿನ ಹೇಳದಿದ್ದ ಯಾವುದೋ ಒಂದನ್ನು ಆಗ ಹೇಳುವ ಸಂಭವ ಹೆಚ್ಚು. ಓದುವಾಗಲೂ ರೆಕಾರ್ಡರ್ ಆನ್ ಇರಲಿ.